ಹಂಡೆ ಒಲೆಗೆ ಹೋದ ಪರೀಕ್ಷೆ

ಶಂಕರಘಟ್ಟ

ತಂಗಿ ಸುವರ್ಣಾ,

ಇವತ್ತು ಸೋಮವಾರದ ಒಪ್ಪತ್ತು. ಮಗಳ ರೂಮು ಗುಡಿಸಿ, ನೀರೊಲೆ ಹಚ್ಚಿ, ಪೂಜೆ ಮುಗಿಸಿ ಬರೀತಿದ್ದೀನಿ. ಒಲೆ ಹಚ್ಚಿದ್ದೇ ತಪ್ಪಾಯ್ತು ಮಾರಾಯ್ತಿ! ಮಂಜುಶ್ರೀ ಹಾಸಿಗೆ ಕೆಳಗೆ ಹಳೇ ಪೇಪರಿನೊಳಗೆ ಒಣಗಿದ ಕಳೆ ಇತ್ತು, ಕಸ ಅಂತ ಉರಿಗೆ ಹಾಕಿದೆ. "ಅಮ್ಮಾ, ಅದು ನನ್ನ ಪರೀಕ್ಷೆ ಕಣೇ!" ಅಂತ ಗೋಳೋ ಅಂದಳು. ನಾವು ಕಿತ್ತು ಬದುವಿಗೆ ಎಸೆಯೋದನ್ನ ಇವಳ ಕಾಲೇಜಲ್ಲಿ ಒಣಗಿಸಿ, ರಟ್ಟಿಗೆ ಅಂಟಿಸಿ, ಹೆಸರು ಬರೆದು ಒಪ್ಪಿಸಿದರೆ ಎಂ.ಎಸ್ಸಿ. ಮಾರ್ಕ್ಸಂತೆ! ಶಿವನ ತಲೆ ಮೇಲಿರಬೇಕಾದ ತುಂಬೆ ಹೂವಿಗೂ ಅದೇ ಗತಿ. "ಹಾಗಿದ್ರೆ ನಿನ್ನ ಚಿಕ್ಕಮ್ಮನ ಎಮ್ಮೆಗೂ ಡಿಗ್ರಿ ಕೊಡಿಸು, ದಿನಾ ಹುಡುಕೋದು ಅದನ್ನೇ" ಅಂದೆ. ಆಗಿಂದ ಅನ್ನ ಮುಟ್ಟಿಲ್ಲ.

ತಿಂಗಳ ಕೊನೆಗೆ ಒಪ್ಪಿಸದಿದ್ದರೆ ಫೇಲಂತೆ. ನಿನ್ನ ಹಿತ್ತಿಲಿನ ತುಂಬೆ, ಉತ್ತರಾಣಿ, ನಾಚಿಕೆಮುಳ್ಳು ಬೇರು ಹೂವು ಸಮೇತ ಕಿತ್ತು, ಪೇಪರಿನೊಳಗಿಟ್ಟು ಮೇಲೆ ಒರಳುಕಲ್ಲು ಹೇರು. ನಾನು ಕಳೆ ಬೇಡೋದು ಅವಳ ಕಿವಿಗೆ ಬೀಳಬಾರದು, ಅದಕ್ಕೇ ಫೋನು ಬಿಟ್ಟು ಕಾರ್ಡು. ನನ್ನ ಮಂಡಿನೋವು ಹಾಗೇ ಇದೆ, ಬಗ್ಗಿ ಕೀಳೋಕೆ ಆಗಲ್ಲ. ಉತ್ತರ ಅಂಚೆಗೆ ಹಾಕಬೇಡ, ಅವಳ ಕೈಗೆ ಸಿಕ್ಕೀತು. ಭದ್ರಾವತಿ ಕೆಲಸಕ್ಕೆ ಬರೋ ನಿನ್ನ ಮಗ ಭೀಮೇಶನೇ ಎರಡನ್ನೂ ಇಲ್ಲಿಗೆ ಹಿಡಿದು ತರಲಿ, ಕಳೆ ತಾನೇ ಕಿತ್ತಿದ್ದು ಅನ್ನಲಿ.

ನಿನ್ನ ಅಕ್ಕ