ಅಪ್ಪ ಮತ್ತೆ ಕೆರೆಗಿಳಿದದ್ದು

ಹಳೇಬೀಡು
೧೦-೧೧-೧೯೯೮, ಮಂಗಳವಾರ

ಪ್ರೀತಿಯ ಅಣ್ಣನಿಗೆ, ಭಾಗ್ಯ ಮಾಡುವ ನಮಸ್ಕಾರಗಳು.

ನಿನ್ನ ಕೆಮ್ಮು ವಾಸಿಯಾಯಿತೇ? ಜೋಧಪುರದಲ್ಲಿ ಈಗ ಚಳಿ ಶುರುವಾಗಿರಬೇಕು, ಡ್ಯೂಟಿಗೆ ಹೋಗುವಾಗ ಸ್ವೆಟರ್ ಮರೆಯಬೇಡ. ಅಪ್ಪನೂ ನಾನೂ ಕ್ಷೇಮ ಎಂದು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು. ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ರಿಟೈರಾದ ಮೇಲೆ ಅಪ್ಪ ಭಾನುವಾರಗಳಲ್ಲಿ ಶಾಲೆ ಮಕ್ಕಳನ್ನು ಗಿಡ್ಡಪ್ಪನ ಮೀನಿನ ದೋಣಿಯಲ್ಲಿ ಕೂರಿಸಿಕೊಂಡು ಊರಿನ ಕಥೆ ಹೇಳುವುದು ನಿನಗೆ ಗೊತ್ತಲ್ಲ. ಮೊನ್ನೆ ಮಾದಿಹಳ್ಳಿಯಿಂದ ಒಂಬತ್ತು ಮಕ್ಕಳು ಬಂದಿದ್ದರು. ನಾನು ಕೆರೆ ಏರಿಯ ಮೇಲೆ ಅವರಿಗೆಂದು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆ. ದ್ವಾರಸಮುದ್ರ ಅನ್ನುವುದು ಮೊದಲು ಈ ನೀರಿನ ಹೆಸರು, ಊರಿಗೆ ಬಂದದ್ದು ಆಮೇಲೆ ಎಂದು ಅಪ್ಪ ಹೇಳುವುದು ದಡಕ್ಕೂ ಕೇಳುತ್ತಿತ್ತು. ವಾಪಸು ಬರುವಾಗ, ದಡ ಇನ್ನು ಹತ್ತು ಮಾರು ಇದೆ ಅನ್ನುವಾಗ, ದೇವಸ್ಥಾನ ನೋಡಲು ಮಕ್ಕಳೆಲ್ಲ ಒಂದೇ ಮಗ್ಗುಲಿಗೆ ವಾಲಿದರು. ದೋಣಿ ಮಗುಚಿತು. ಡಬ್ಬಿ ಅಲ್ಲೇ ಬಿಟ್ಟು ಓಡಿದೆ ಅಣ್ಣ. ಸೀರೆ ಎತ್ತಿಕಟ್ಟಿ ಎದೆಮಟ್ಟ ನೀರಿಗೆ ಇಳಿದೆ. ಅಪ್ಪ, ಗಿಡ್ಡಪ್ಪ ಒಂದೊಂದೇ ಮಗುವನ್ನು ನನ್ನ ಕೈಗೆ ದಾಟಿಸಿದರು. ದಡದಲ್ಲಿ ಎರಡು ಸಲ ಎಣಿಸಿದೆ, ಒಂಬತ್ತು ಜನವೂ ಇದ್ದರು. ಅಷ್ಟರಲ್ಲಿ ಅಪ್ಪ, "ಇನ್ನೊಬ್ಬ ಒಳಗವ್ನೆ" ಎಂದು ಮತ್ತೆ ಆಳದ ಕಡೆ ಈಜಿದರು. ಎಷ್ಟು ಕರೆದರೂ ತಿರುಗಲಿಲ್ಲ. ಮುಳುಗುತ್ತಾರೆ, ಏಳುತ್ತಾರೆ, ಮತ್ತೆ ಮುಳುಗುತ್ತಾರೆ. ಒಮ್ಮೆ ಮುಳುಗಿದವರು ಏಳಲೇ ಇಲ್ಲ. ಗಿಡ್ಡಪ್ಪ ಅಂಗಿ ಹಿಡಿದು ಎಳೆದು ತಂದ. "ಮೇಷ್ಟ್ರೇ, ಎಲ್ಲಾ ಮಕ್ಳೂ ಇಲ್ಲೇ ಅವ್ರೆ, ನೋಡಿ" ಎಂದು ಅವನು ಅಳುತ್ತಿದ್ದ. ಅಪ್ಪ ನೀರನ್ನೇ ನೋಡುತ್ತಿದ್ದರು.

ಡಾಕ್ಟರು ಎದೆ ಪರೀಕ್ಷಿಸಿ ಭಯವಿಲ್ಲ ಎಂದಿದ್ದಾರೆ. ಜ್ವರ ಇಳಿದಿದೆ, ಬೆಳಿಗ್ಗೆ ಗಂಜಿ ಕುಡಿದರು. ಎರಡು ದಿನದಿಂದ ನಾನು ಬೇಲೂರಿನ ಆಫೀಸಿಗೆ ಹೋಗಿಲ್ಲ. ನಿನಗೆ ಅಪ್ಪನ ಆಶೀರ್ವಾದ, ಗಿಡ್ಡಪ್ಪನ ನೆನಕೆ.

ನಿನ್ನ ತಂಗಿ,
ಭಾಗ್ಯ

ತಾ.ಕ.: ಮಡಿಚಿದ ಇನ್‌ಲ್ಯಾಂಡನ್ನು ಮತ್ತೆ ಬಿಚ್ಚಿದೆ. ಅಪ್ಪ ಕೆರೆಯಲ್ಲಿ ಹುಡುಕಿದ್ದು ನಿನ್ನನ್ನು. "ಲಕ್ಷ್ಮೀಶಂಗೆ ಈಜು ಬರಾಕಿಲ್ಲ, ಇನ್ನೂ ಎಂಟು ವರ್ಷ ಅವಂಗೆ" ಎಂದು ಈಗಲೂ ಹೇಳುತ್ತಿದ್ದಾರೆ. ನೀನು ಸೈನ್ಯದಲ್ಲಿದ್ದೀಯ ಎಂದರೆ, ನಾನೇನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನನ್ನ ಮುಖ ನೋಡುತ್ತಾರೆ. ಇವತ್ತು ಎರಡು ಸಲ ಕೆರೆಗೆ ಹೊರಟಿದ್ದರು. ನನ್ನೊಬ್ಬಳ ಕೈಲಾಗುವುದಿಲ್ಲ, ರಜೆ ಕೇಳು. ಬರುವಾಗ ಮೀಸೆ ತೆಗೆಸಿಕೊಂಡು ಬಾ ಅಣ್ಣ, ಗುರುತು ಸಿಕ್ಕರೂ ಸಿಗಬಹುದು.