ಹೋಟೆಲಿನ ತಾತನಿಗೆ ಎರಡು ಡಜನ್ ಮೊಟ್ಟೆ

ಬುಧವಾರ, 14ನೇ ತಾರೀಖು

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಕೈ ನಾರುತ್ತಿತ್ತು. ಆ ನಾತವನ್ನು ಅಂಚೆಯಲ್ಲಿ ಕಳಿಸುವಷ್ಟು ದುಷ್ಟ ನಾನಲ್ಲ.

ಬಸ್ ನಿಲ್ದಾಣದೆದುರಿನ ಹೋಟೆಲ್ ಯಜಮಾನನಿಗೆ ಇದ್ದಕ್ಕಿದ್ದಂತೆ ಒಬ್ಬ ತಾತ ಬೇಕಾಗಿದ್ದಾನೆ. ಭಾನುವಾರ ಹೊಸ ಹಾಲ್ ಶುರು. ‘ಮೂರು ತಲೆಮಾರಿನ ರುಚಿ’ ಎಂದು ಬೋರ್ಡು ಬರೆಸಿಯಾಗಿದೆ. ಮೊದಲ ತಲೆಮಾರಿನ ಫೋಟೋ ಮಾತ್ರ ಇಲ್ಲ.

“ನಿಮ್ಮ ತಾತ ಏನ್ ಕೆಲಸ ಮಾಡ್ತಿದ್ರು?” ಎಂದೆ.

“ಯಾರಿಗ್ ಗೊತ್ತು ಸಾರ್? ಗತ್ತಿರೋ ಮುಖ ಒಂದ್ ಕೊಡಿ. ಹಳೇದಾಗಿ ಕಾಣ್ಬೇಕು, ಅಷ್ಟೆ.”

ಅಪ್ಪನ ಸ್ಟುಡಿಯೋದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ತೆರೆದಿಟ್ಟೆ. ಫೋಟೋ ತೆಗೆಸಿ ಒಯ್ಯಲು ಬಾರದ ಗಿರಾಕಿಗಳೆಲ್ಲ ಅದರಲ್ಲೇ ಇದ್ದಾರೆ. ಯಜಮಾನ ತರಕಾರಿ ಆರಿಸುವವನಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು, ದಪ್ಪ ಮೀಸೆಯ ಯುವಕನೊಬ್ಬನನ್ನು ತಾತನ ಹುದ್ದೆಗೆ ನೇಮಿಸಿದ. ಒಬ್ಬರ ಮುಖ ಇನ್ನೊಬ್ಬರಿಗೆ ಕೊಡಬಾರದೆಂದು ಅಪ್ಪ ಹೇಳುತ್ತಿದ್ದುದು ನೆನಪಿತ್ತು. ಆದರೆ ಮೊಟ್ಟೆಯ ಲೋಳೆಯ ಮೇಲೆ ಫೋಟೋ ಮೂಡಿಸುವ ಹಳೆಯ ವಿಧಾನದ ಚಪಲ ನನ್ನ ತಲೆಗೇರಿತ್ತು.

ಸೂತ್ರ ಪರಮ ಪವಿತ್ರವಾದದ್ದು. ಎರಡು ಡಜನ್ ಮೊಟ್ಟೆಯ ಬಿಳಿ, ಅಳೆದ ಉಪ್ಪು, ನಾಲ್ಕು ಹನಿ ವಿನೆಗರ್. ನೊರೆಯಾಗುವವರೆಗೆ ಕಡೆದು, ಸೋಸಿ, ಹಳಸಲು ಬಿಡಬೇಕು. ಹಳಸಿದಷ್ಟೂ ಹೊಳಪಂತೆ. ಹನ್ನೊಂದು ದಿನ ಬಿಟ್ಟೆ. ಮುಚ್ಚಳ ತೆಗೆದಾಗ ಹೊರಬಂದದ್ದನ್ನು ವಾಸನೆ ಎನ್ನಲಾರೆ, ಅದೊಬ್ಬ ನೆಂಟ. ಗಂಟಲಲ್ಲಿ ಕೂತ, ಊಟದ ತಟ್ಟೆಗೂ ಬಂದ, ಹಾಸಿಗೆಯನ್ನೂ ಬಿಡಲಿಲ್ಲ. ವಾರವಿಡೀ ಹಳದಿ ಭಾಗ ತಿಂದು ರೋಸಿದ್ದ ನಿನ್ನ ಅತ್ತಿಗೆ ಮೂಗು ಮುಚ್ಚಿಕೊಂಡೇ ಕೇಳಿದಳು: “ರೀ, ಸತ್ತಿರೋದು ಇಲೀನಾ, ನಿಮ್ ಕಲೇನಾ?”

ಆ ಲೋಳೆಯ ಮೇಲೆ ಕಾಗದ ತೇಲಿಸಿ, ಒಣಗಿಸಿ, ಬೆಳ್ಳಿಯ ದ್ರಾವಣ ಬಳಿದು ಬೆರಳೆಲ್ಲ ಕಪ್ಪು ಮಾಡಿಕೊಂಡು, ಗಾಜನ್ನು ಅದರ ಮೇಲೆ ಅದುಮಿ ಬಿಸಿಲಿಗಿಟ್ಟೆ. ತಾತ ಕಂದುಬಣ್ಣದಲ್ಲಿ ಮೂಡಿ ಬಂದ. ಎಲ್ಲೂ ಗುಳ್ಳೆ ಎದ್ದಿಲ್ಲ, ಹೊಳಪಿಗೆ ಎಣೆಯಿಲ್ಲ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಿನ್ನೆ ಒಯ್ದು ತೋರಿಸಿದೆ. ಯಜಮಾನ ಅದನ್ನು ಮೂಗಿಗೆ ಹಿಡಿದು, “ಆಹಾ, ಹಳೇ ಕಾಲದ್ ವಾಸ್ನೆ! ನಮ್ ತಾತಾನೇ!” ಎಂದ. ಅವನ ಮೂಗಿನಿಂದ ತಾತನನ್ನು ಬಿಡಿಸಿಕೊಂಡೆ. ಚೌಕಟ್ಟು ಹಾಕಿಸಿ ಶನಿವಾರ ತರುತ್ತೇನೆಂದು ನೆಪ ಹೇಳಿ ಪ್ರಿಂಟನ್ನು ವಾಪಸು ತಂದಿದ್ದೇನೆ. ಕೊಡಲೋ ಹರಿಯಲೋ, ನೀನೇ ಹೇಳು. ಪೆಟ್ಟಿಗೆಯಲ್ಲಿ ನಿನಗೂ ಪಾಲಿದೆ. ಕಾಗದ ಕೈ ಸೇರಿದ ಕೂಡಲೇ ಫೋನ್ ಮಾಡು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿಮ್ಮ ಮನೆಯ ಗಾಳಿ ಸದಾ ಶುದ್ಧವಾಗಿರಲಿ.

ನಿನ್ನ,
ಕರಿಬೆರಳಿನ ಅಣ್ಣ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ಯಜಮಾನನ ವಯಸ್ಸಾದ ತಾಯಿ ಪಕ್ಕದಲ್ಲೇ ಕೂತಿದ್ದರು. ಪ್ರಿಂಟ್ ನೋಡಿದ್ದೇ ತಡ, “ಅಯ್ಯೋ, ಇವ್ರು ಸ್ಟುಡಿಯೋದವ್ರಲ್ವಾ! ನನ್ ಮದ್ವೆ ಫೋಟೋ ತೆಗ್ದಿದ್ದು ಇವ್ರೇ. ಆಗ ಮೀಸೆ ಇತ್ತು” ಎಂದರು. ನಾವಿಬ್ಬರೂ ಅಪ್ಪನನ್ನು ಮೀಸೆಯಲ್ಲಿ ಕಂಡವರೇ ಅಲ್ಲವಲ್ಲ. “ನಮ್ಮಪ್ಪನ್ ಮುಖ ನಂಗೊತ್ತಿಲ್ವೇನಮ್ಮಾ?” ಎಂದು ಎಲ್ಲರೆದುರು ಅವರ ಮೇಲೆ ರೇಗಿದೆ. ಮನೆಗೆ ಬಂದು, ಆ ಗಾಜನ್ನಿಟ್ಟಿದ್ದ ಲಕೋಟೆಯ ಹಿಂಬದಿ ತಿರುಗಿಸಿ ನೋಡಿದೆ. ಅಮ್ಮನ ಕೈಬರಹ: ‘ಇವರು. ನಾನೇ ತೆಗೆದದ್ದು. ಕೈ ನಡುಗಿತು.’