ಸಕ್ಕರೆ ಹಾಕಿದ ದಿನ

ಹಿರೇಕೆರೂರು
೯ ಸೆಪ್ಟೆಂಬರ್ ೧೯೮೪

ಪ್ರೀತಿಯ ಭರಮಕ್ಕನಿಗೆ ತಂಗಿ ಮಂಜವ್ವನ ನಮಸ್ಕಾರ.

ನಿನ್ನ ಮೂರೂ ಪತ್ರ ಮುಟ್ಟಿವೆ. ಎರಡು ತಿಂಗಳು ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ನಾನು ಆರಾಮ ಇದ್ದೇನೆ. ಎಂ.ಫಿಲ್. ಪ್ರಬಂಧವನ್ನು ಹೋದ ವಾರ ಧಾರವಾಡಕ್ಕೆ ಕಳಿಸಿದೆ.

"ಕಾಲೇಜಿನ್ಯಾಗ ಪಾಠಾ ಹೇಳೂದು ಬಿಟ್ಟು ಮತ್ತೇನ ಮಾಡ್ತೀ?" ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಬೇಕರಿಯವರು ಹಿಟ್ಟು ಉಬ್ಬಲೆಂದು ಹಾಕುವ ಯೀಸ್ಟ್, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಸಕ್ಕರೆ ಸಿಕ್ಕರೆ ಅದರ ಮೈಮೇಲೆ ಮೊಗ್ಗು ಮೂಡಿ, ಆ ಮೊಗ್ಗೇ ಇನ್ನೊಂದು ಜೀವಿಯಾಗುತ್ತದೆ. ನಾನು ಅವನ್ನು ಬರೀ ನೀರಿನಲ್ಲಿ ಉಪವಾಸ ಕೆಡವಿದೆ. ಒಂದೇ ದಿನದಲ್ಲಿ ಮೊಗ್ಗು ಬಿಡುವುದು ನಿಂತಿತು. ಹೊರಗೋಡೆ ದಪ್ಪ ಮಾಡಿಕೊಂಡು ತಳದಲ್ಲಿ ಸುಮ್ಮನೆ ಕುಳಿತವು.

ನಮ್ಮ ಲ್ಯಾಬಿನ ಜವಾನ ಗೋಣೆಪ್ಪ ನೋಡಿ, "ಮೇಡಮ್ಮಾರ, ಇವು ಸತ್ತಾವ್ರಿ. ಚೆಲ್ಲಲೇನ್ರಿ?" ಎಂದ.

"ಸತ್ತಿಲ್ಲ ಗೋಣೆಪ್ಪ. ಉಣ್ಣಾಕ ಏನಿಲ್ಲ ಅಂತ ಗೊತ್ತಾಗಿ ತಡಕೊಂಡು ಕುಂತಾವು."

"ಕಣ್ಣಿಲ್ಲ, ಬಾಯಿಲ್ಲ. ಹೆಂಗ ಗೊತ್ತಾಕ್ಕೈತ್ರಿ?"

ಅದು ಇನ್ನೂ ಯಾರಿಗೂ ಪೂರ್ತಿ ತಿಳಿದಿಲ್ಲ ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಇಪ್ಪತ್ತೆರಡನೆಯ ದಿನ ಹನ್ನೊಂದು ಗಂಟೆಗೆ ಸಕ್ಕರೆ ಹಾಕಿದೆ. ಅರ್ಧ ಗಂಟೆಗೊಮ್ಮೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟು ಎಣಿಸಬೇಕು. ನಾಲ್ಕರವರೆಗೆ ಏನೂ ಇಲ್ಲ. ನಾಲ್ಕೂವರೆಗೆ ಮೊದಲ ಮೊಗ್ಗು ಕಂಡಿತು. ಆರರ ಹೊತ್ತಿಗೆ ನೂರಕ್ಕೆ ಎಪ್ಪತ್ತು ಎದ್ದಿದ್ದವು; ಉಳಿದವು ಏಳಲೇ ಇಲ್ಲ. ಪ್ರಬಂಧಕ್ಕೆ ಇದೊಂದೇ ಸಾಕು ಎಂದು ನಮ್ಮ ಗೈಡ್ ಮೆಚ್ಚಿ ಬರೆದಿದ್ದಾರೆ.

ಭಾವನ ಕಾಲುನೋವು ಹೇಗಿದೆ? ನಿನ್ನ ಮಗಳು ಗುತ್ತೆವ್ವ ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲವೇ? ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ.

ನಿನ್ನ ತಂಗಿ
ಮಂಜವ್ವ

ತಾ.ಕ.: ಅವ್ವನ ಮಣ್ಣು ಮುಗಿದ ಮೇಲೆ ಊರಿಗೆ ಬಂದು, ತಂತಿ ತಡವಾಗಿ ಮುಟ್ಟಿತು ಎಂದೆ. ನೀನು ನಂಬಿದೆ. ಅದು ಸುಳ್ಳು. ಅವ್ವನಿಗೆ ಬಹಳ ಜಡ್ಡು, ಕೂಡಲೇ ಬಾ ಎಂದು ಭಾವ ಶಿಗ್ಗಾವಿಯಿಂದ ಕಳಿಸಿದ ತಂತಿಯನ್ನು ಗೋಣೆಪ್ಪ ಸಕ್ಕರೆ ಹಾಕಿದ ದಿನವೇ ಬೆಳಿಗ್ಗೆ ಹತ್ತೂವರೆಗೆ ತಂದುಕೊಟ್ಟಿದ್ದ. ಇನ್ನೂ ಸಕ್ಕರೆ ಹಾಕಿರಲಿಲ್ಲ. "ಹೋಗ್ರಿ, ಹನ್ನೊಂದರ ಬಸ್ಸು ಐತಿ. ಇದನ್ನ ನಾ ನೋಡ್ಕೊಂತೇನಿ" ಎಂದ. ಎಣಿಸುವುದು ಅವನಿಗೆ ಬರುವುದಿಲ್ಲ. ತಂತಿಯನ್ನು ಮಡಚಿ ನೋಟ್‌ಬುಕ್ಕಿನಲ್ಲಿಟ್ಟೆ. ಹೊತ್ತು ಮುಳುಗುವ ತನಕ ಅವ್ವ "ಮಂಜಿ ಬಂದ್ಳೇನ?" ಎಂದು ಕೇಳುತ್ತಿದ್ದಳೆಂದು ನೀನೇ ಹೇಳಿದೆ. ಆ ಬಸ್ಸು ಹತ್ತಿದ್ದರೆ ಮೂರು ಗಂಟೆಗೆಲ್ಲ ಅವಳ ಹತ್ತಿರ ಇರುತ್ತಿದ್ದೆ, ಅಕ್ಕ.